ಮೋಟರ್ ಪುಸ್ತಕದ ಖಾಲಿ ಖಾನೆಗಳು

ಹೋದ ತಿಂಗಳು ಒಂದು ಗುರುವಾರ ಶಿವಾಜಿನಗರಕ್ಕೆ ಹೋಗಿದ್ದೆ. ಮನೆಯಲ್ಲಿ ಧೂಪ ಹಾಕುವ ಹಿತ್ತಾಳೆ ಪಾತ್ರೆಯ ಹಿಡಿ ಸಡಿಲವಾಗಿ, ಕೆಂಡ ಕಾಲ ಮೇಲೆ ಬೀಳುವ ಹಾಗಾಗಿತ್ತು. ಹೊಸದೊಂದು ನೋಡೋಣವೆಂದು ಹೊರಟಿದ್ದೆ. ಬಸ್ ನಿಲ್ದಾಣದ ಹಿಂದೆ ಗಾಡಿ ರಿಪೇರಿಯವರ ಗಲ್ಲಿ ದಾಟಿದರೆ ಅತ್ತರು, ಊದುಬತ್ತಿ ಮಾರುವ ಸಣ್ಣ ಸಣ್ಣ ಅಂಗಡಿಗಳಿವೆ. ಗಲ್ಲಿಯ ಕೊನೆಯಲ್ಲಿ ಒಬ್ಬ ಮೆಕ್ಯಾನಿಕ್ ಆಟೋದ ಕೆಳಗೆ ಮಲಗಿಕೊಂಡು, ಡಾಂಬರಿನಂತೆ ಕಪ್ಪಾದ ಎಂಜಿನ್ ಎಣ್ಣೆಯನ್ನು ಡಬ್ಬಿಗೆ ಇಳಿಸುತ್ತಿದ್ದ. ಅದೇ ಹೊತ್ತಿಗೆ ಪಕ್ಕದ ಅಂಗಡಿಯವರು ಯಾರೋ ಗಿರಾಕಿಗೆ ತೋರಿಸಲೆಂದು ಕೆಂಡದ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ ಉದುರಿಸಿದರು. ಎರಡು ವಾಸನೆಗಳೂ ಒಟ್ಟಿಗೆ ಬಂದು ಮೂಗಿಗೆ ತಾಕಿದವು. ನಾನು ಅಲ್ಲೇ ನಿಂತುಬಿಟ್ಟೆ.

"ಏನಮ್ಮಾ, ತಲೆ ಸುತ್ತು ಬಂತಾ? ಕೂತ್ಕೊಳ್ಳಿ, ನೀರು ಕೊಡ್ತೀನಿ" ಅಂದರು ಅಂಗಡಿಯವರು.

"ಏನಿಲ್ಲ ಭಾಯ್, ಏನೋ ನೆನಪಾಯ್ತು."

"ಲೋಬಾನ್ ವಾಸ್ನೆ ಹಂಗೇ ಅಮ್ಮಾ. ಎಲ್ಲರಿಗೂ ಅವರವರ ಮನೆ ಯಾದ್ ಬರುತ್ತೆ."

ನನಗೂ ನೆನಪಾದದ್ದು ಮನೆಯೇ. ಈಗಿರುವ ಲಿಂಗರಾಜಪುರದ ಮನೆಯಲ್ಲ. ಕೊರೊನಾ ಬರುವುದಕ್ಕೆ ಒಂದೆರಡು ವರ್ಷ ಮೊದಲು ನಾವಿದ್ದ ಕೆ.ಆರ್. ಪುರದ ಮನೆ. ಅಲ್ಲಿನ ಒಂದು ಮಳೆಗಾಲ.

ರೈಲ್ವೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಮೂರಂತಸ್ತಿನ ಕಟ್ಟಡ ಅದು. ನಡುವಿನ ಅಂತಸ್ತಿನಲ್ಲಿ ನಾನು, ನನ್ನ ಯಜಮಾನರು, ಅತ್ತೆ. ಯಜಮಾನರು ಹಲಸೂರಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು, ಮನೆ ಸೇರುವಾಗ ಒಂಬತ್ತಾಗುತ್ತಿತ್ತು. ಮೇಲಿನ ಮನೆಯಲ್ಲಿ ಪದ್ಮಾ ಮಿಸ್. ಅವರು ಸಂಜೆ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕಿ. ಅವರ ನಡುಮನೆಯ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಯಾವಾಗಲೂ ಒಂದು ಸಣ್ಣ ಲೋಟದಲ್ಲಿ ಹೂವು. ಅಷ್ಟು ಅಚ್ಚುಕಟ್ಟಾದ ಮನೆಯನ್ನು ನಾನು ಬೇರೆ ಕಂಡಿಲ್ಲ. ಕೆಳಗೆ ಹಿತ್ತಲಲ್ಲಿ ಶೀಟು ಹೊದಿಸಿದ ನಾಲ್ಕು ಕೋಣೆಗಳು. ಅದರಲ್ಲೊಂದು ಆಟೋ ಓಡಿಸುವ ಮುರುಗನ್‌ದು. ಕೊನೆಯ ಕೋಣೆ ಯಾದಗಿರಿ ಕಡೆಯಿಂದ ಬಂದ ಶರಣಮ್ಮ, ಭೀಮಣ್ಣ ದಂಪತಿಯದು. ಭೀಮಣ್ಣನಿಗೆ ಮೆಟ್ರೊ ಕಂಬಗಳ ಕಬ್ಬಿಣ ಕಟ್ಟುವ ಕೆಲಸ. ಶರಣಮ್ಮ ಬೆಳಗಿನ ಆರರ ಬಸ್ಸಿಗೆ ಇಂದಿರಾನಗರಕ್ಕೆ ಹೋಗಿ, ಮೂರು ಮನೆಗಳಲ್ಲಿ ಕೆಲಸ ಮುಗಿಸಿ ನಾಲ್ಕಕ್ಕೆ ಹಿಂತಿರುಗುತ್ತಿದ್ದಳು.

ನಮ್ಮ ಕಟ್ಟಡದ ಪಡುವಣಕ್ಕೆ, ಎರಡು ಖಾಲಿ ಸೈಟು ಬಿಟ್ಟು, ಎಣ್ಣೆ ಫ್ಯಾಕ್ಟರಿ. ಬೋರ್ಡಿನ ಮೇಲೆ ರಿಫೈನರಿ ಎಂದೇ ಬರೆದಿದ್ದರು. ಸಮುದ್ರದಡಿಯಿಂದ ತೆಗೆದ ಕಚ್ಚಾ ಎಣ್ಣೆಯದಲ್ಲ. ಊರಿನ ಗ್ಯಾರೇಜುಗಳಲ್ಲಿ ಗಾಡಿಗಳಿಂದ ಇಳಿಸಿದ ಕಪ್ಪು ಎಣ್ಣೆಯನ್ನು ಡ್ರಮ್ಮುಗಳಲ್ಲಿ ತಂದು, ಕಾಯಿಸಿ, ಶುದ್ಧ ಮಾಡಿ ಮತ್ತೆ ಮಾರುವ ಕಡೆ. ಸಂಜೆ ಐದೂವರೆಯ ಮೇಲೆ ಒಲೆ ಹೊತ್ತಿಸುತ್ತಿದ್ದರು. ವಡೆ ಕರಿದು ಕರಿದು ಸೀದ ಎಣ್ಣೆಗೆ ಸೀಮೆಎಣ್ಣೆ, ಕೊಳೆತ ಮೊಟ್ಟೆ ಸೇರಿಸಿದ ಹಾಗೆ ಒಂದು ವಾಸನೆ. ಕೆಲವು ಸಂಜೆ ಬರುತ್ತಿತ್ತು, ಕೆಲವು ಸಂಜೆ ಇಲ್ಲ. ಬಂದ ದಿನ ಕಣ್ಣುರಿ, ಗಂಟಲಲ್ಲಿ ಕೆರೆತ. ಎಲ್ಲರೂ ಬೈದುಕೊಂಡು ಕಿಟಕಿ ಹಾಕಿಕೊಳ್ಳುತ್ತಿದ್ದರು, ಅಷ್ಟೇ.

ಕಟ್ಟಡದ ಬೋರ್‌ವೆಲ್ ಮೋಟರಿನ ಉಸ್ತುವಾರಿ ನನ್ನದು. ಒಂದು ಬೇಸಿಗೆಯಲ್ಲಿ ನೀರಿಗಾಗಿ ಕೂದಲು ಹಿಡಿದು ಜಗಳವಾದ ಮೇಲೆ, ಮಾಲೀಕರು ಸ್ವಿಚ್ಚಿನ ಬೀಗದ ಕೈ ನನ್ನ ಕೈಗೆ ಕೊಟ್ಟು, "ನೀವು ಬರ್ಕೊಂಡು ಇಡ್ತೀರಿ, ನಿಮಗೇ ಸರಿ" ಅಂದಿದ್ದರು. ಮದುವೆಯಾದ ಲಾಗಾಯ್ತಿನಿಂದ ಹಾಲು, ಗ್ಯಾಸು, ಉಪ್ಪಿನಕಾಯಿ ಹಾಕಿದ ದಿನ, ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡುವ ಚಾಳಿ ನನಗೆ. ಹಾಗಾಗಿ ಒಂದು ಉದ್ದ ನೋಟ್‌ಬುಕ್ಕಿಗೆ ಗೆರೆ ಎಳೆದು ಖಾನೆ ಮಾಡಿದೆ. ತಾರೀಖು, ವಾರ, ಮೋಟರ್ ಹಾಕಿದ ಹೊತ್ತು, ಟ್ಯಾಂಕು ತುಂಬಿದ ಹೊತ್ತು. ಸಂಜೆ ಆರಕ್ಕೆ ಮೋಟರ್ ಹಾಕಿ, ತಾರಸಿ ಹತ್ತಿ, ನೀರು ಉಕ್ಕುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಮಂಗಳವಾರ, ಶುಕ್ರವಾರ ಮಾತ್ರ ಮಧ್ಯಾಹ್ನ ಮೂರಕ್ಕೇ ಮುಗಿಸಿಬಿಡುವುದು. ಆ ಎರಡು ಸಂಜೆ ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಕೂಡದು ಎಂದು ಅತ್ತೆಯ ಕಟ್ಟಪ್ಪಣೆ.

ಜೂನ್ ತಿಂಗಳ ಒಂದು ಸಂಜೆ. ಮೋಡ ಕವಿದು ಪಡುವಣ ಗಾಳಿ ಬೀಸುತ್ತಿತ್ತು. ಶರಣಮ್ಮ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಬಂದಳು.

"ಯಕ್ಕಾ, ದಿನಾ ಅಷ್ಟು ಏನ್ ಬರೀತೀರಿ? ಗಂಡನ ಮ್ಯಾಲ ಚಾಡಿ ಏನ್ರಿ?"

"ಟ್ಯಾಂಕಿನ ಮೇಲೆ ಕಣೇ. ಅದಾದ್ರೂ ಹೇಳಿದ ಟೈಮಿಗೆ ತುಂಬುತ್ತೆ, ನಮ್ಮವರು ಮನೆಗೆ ಬರಲ್ಲ."

ನಗುತ್ತಿದ್ದವಳು ಇದ್ದಕ್ಕಿದ್ದಂತೆ ಸೆರಗು ಬಾಯಿಗೆ ಒತ್ತಿಕೊಂಡು ಮೋರಿಯ ಕಡೆ ಓಡಿದಳು. ಫ್ಯಾಕ್ಟರಿಯ ಹೊಗೆ ಆಗಷ್ಟೇ ನಮ್ಮ ಕಡೆ ತಿರುಗಿತ್ತು. ಬೆನ್ನು ನೀವಿ, ಟ್ಯಾಂಕಿನ ನೀರು ಹಿಡಿದುಕೊಟ್ಟೆ. ಮೂರು ತಿಂಗಳಾಗಿದೆ ಅಂದಳು. ಹೋದ ವರ್ಷ ಇದೇ ಕೋಣೆಯಲ್ಲಿದ್ದಾಗ ಐದನೇ ತಿಂಗಳಲ್ಲಿ ಕಳೆದುಕೊಂಡಿದ್ದಳು. ಅದು ನನಗೆ ಗೊತ್ತಿತ್ತು.

"ದವಾಖಾನಿ ಡಾಕ್ಟರಮ್ಮ ಅಂದ್ರು, ಆ ಹೊಗಿ ಕುಡೀಬ್ಯಾಡ ಅಂತ. ಎಲ್ಲಿ ಹೋಗ್ಲಿ ಯಕ್ಕಾ? ಇವರ ಕೆಲಸ ಇಲ್ಲೇ ಅದ. ಲಿಂಗರಾಜಪುರದಾಗ ನಾದಿನಿ ಮನಿ ಅದ, ಖರೆ. ದಿನಾ ಹೋಗಿ ಕುಂತ್ರ ಅಕಿಗೂ ಬ್ಯಾಸರಾಗಂಗಿಲ್ಲೇನು? ಅದು ದಿನಾ ಬರಂಗಿಲ್ಲ ನೋಡ್ರಿ. ಯಾವತ್ತು ಬರ್ತದ ಅಂತ ಮೊದ್ಲ ತಿಳಿದ್ರ, ಆವತ್ತಷ್ಟ ಹೋಗ್ತಿದ್ದೆ. ಬಸ್ಸಿಗೊಂದು ಟೈಮ್ ಇದ್ದಂಗ ಅದಕ್ಕೂ ಒಂದು ಟೈಮ್ ಇರಬೇಕಲ್ರಿ?"

ಆ ಸಂಜೆಯೇ ಮೋಟರ್ ಪುಸ್ತಕದಲ್ಲಿ ಇನ್ನೊಂದು ಖಾನೆ ಎಳೆದೆ: ವಾಸನೆ. ಕಿಟಕಿಯ ಹತ್ತಿರ ಹೋದರೆ ಮಾತ್ರ ಗೊತ್ತಾದರೆ ಒಂದು ಗೆರೆ. ಹಾಲಿನ ಪಾತ್ರೆ ಮುಚ್ಚಬೇಕು ಅನ್ನಿಸಿದರೆ ಎರಡು. ಗಂಟಲು ಕೆರೆದರೆ ಮೂರು. ಇಲ್ಲದಿದ್ದರೆ ಖಾನೆ ಖಾಲಿ.

ಪದ್ಮಾ ಮಿಸ್ ನೋಡಿ ಮೆಚ್ಚಿದರು. "ಒಳ್ಳೇ ಕೆಲಸ ವಿಮಲಾ ಅವ್ರೇ. ಆದ್ರೆ ಗಾಳಿ ಎತ್ತಲಿಂದ ಅನ್ನೋದನ್ನೂ ಬರೀರಿ." ತಾವೇ ಹಳೆ ವಾಯಿಲ್ ಸೀರೆಯ ಅಂಚನ್ನು ಹರಿದು, ಟ್ಯಾಂಕಿನ ಪಕ್ಕದ ಕಂಬಿಗೆ ಪಟ್ಟಿ ಕಟ್ಟಿದರು. ಅದು ಯಾವ ಕಡೆ ಹಾರುತ್ತದೋ ನೋಡಿ ಬರೆಯುವುದು. "ನಿಮ್ಮ ಮೂಗೇ ಗಟ್ಟಿ. ಲ್ಯಾಬಲ್ಲಿ ಇಷ್ಟು ವರ್ಷ ಕೂತು ನನ್ನ ಮೂಗು ಯಾವತ್ತೋ ರಿಟೈರಾಗಿದೆ" ಎಂದು ನಕ್ಕರು.

ಜೂನ್ ಕಳೆಯಿತು, ಆಷಾಢದ ಗಾಳಿ ಕಳೆಯಿತು. ಸೀರೆಯ ಪಟ್ಟಿ ಎರಡು ಸಲ ಹರಿದು, ಎರಡು ಸಲ ಹೊಸದು ಕಟ್ಟಿದೆವು. ಜುಲೈ ಕೊನೆಯ ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಪುಸ್ತಕ ಹರಡಿಕೊಂಡು ಕೂತೆ. ನೋಡುತ್ತಾ ನೋಡುತ್ತಾ ಒಂದು ಲೆಕ್ಕ ಕಾಣಿಸಿತು. ಭಾನುವಾರ ಖಾಲಿ, ಫ್ಯಾಕ್ಟರಿಗೆ ರಜ. ಸೋಮ, ಬುಧ, ಗುರು, ಶನಿ ಒಂದು, ಎರಡು, ಕೆಲವು ಸಲ ಮೂರು ಗೆರೆ. ಆದರೆ ಮಂಗಳವಾರ, ಶುಕ್ರವಾರ? ಮೊದಲ ಪುಟದಿಂದ ಕೊನೆಯವರೆಗೂ ಒಂದೇ ಒಂದು ಗೆರೆಯಿಲ್ಲ.

ಕಾರಣವೂ ತಕ್ಷಣ ಹೊಳೆಯಿತು. ಡ್ರಮ್ಮುಗಳ ಲಾರಿ ಬರುತ್ತಿದ್ದುದು ಮಂಗಳವಾರ, ಶುಕ್ರವಾರ ಮಧ್ಯಾಹ್ನ. ಇಳಿಸುವ ಗದ್ದಲದಲ್ಲಿ ಆ ದಿನ ಒಲೆ ಹೊತ್ತಿಸುವುದಿಲ್ಲ. ಎಷ್ಟು ಸಲೀಸಾಗಿ ಕೂಡಿಬಂತು ಅಂದರೆ, ಕೆಳಗೆ ಓಡಿಹೋಗಿ ಶರಣಮ್ಮನ ಬಾಗಿಲು ಬಡಿದೆ.

"ಸಿಕ್ತು ಕಣೇ ನಿನ್ನ ಬಸ್ ಟೈಮು! ಮಂಗಳವಾರ, ಶುಕ್ರವಾರ, ಭಾನುವಾರ ಬರಲ್ಲ. ಮಿಕ್ಕ ನಾಲ್ಕು ಸಂಜೆ ನಾದಿನಿ ಮನೆಗೆ ಹೋಗು. ಈ ಮೂರು ದಿನ ಆರಾಮಾಗಿ ಮನೇಲಿರು, ಕಾಲು ಚಾಚಿ ಮಲಗು."

ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ಆ ಸ್ಪರ್ಶ ಈಗಲೂ ಕೈಯಲ್ಲಿದೆ. ಅವತ್ತು ಹೆಮ್ಮೆಯಿಂದ, ಈಗ ಬೇರೆ ಥರ.

ಶ್ರಾವಣ ಬಂತು. ನಾಲ್ಕು ಸಂಜೆ ಶರಣಮ್ಮ ಬಸ್ಸು ಹತ್ತಿ ಲಿಂಗರಾಜಪುರಕ್ಕೆ ಹೋಗುವಳು; ಕೆಲಸ ಮುಗಿಸಿದ ಭೀಮಣ್ಣ ಹೋಗಿ ಕರೆದುಕೊಂಡು ಬರುವನು. ಮಂಗಳವಾರ, ಶುಕ್ರವಾರ ಅವಳು ಕೆಳಗೆ ಕೋಣೆಯಲ್ಲಿ. ಮೇಲೆ ನಮ್ಮ ಮನೆಯಲ್ಲಿ ಹಬ್ಬವೋ ಹಬ್ಬ. ಮಂಗಳಗೌರಿ, ಶ್ರಾವಣ ಶುಕ್ರವಾರ. ಐದೂವರೆಗೆ ಅತ್ತೆ ಕೆಂಡ ಮಾಡಿ, ಸಾಂಬ್ರಾಣಿ ಹಾಕಿ, ದೇವರ ಮನೆಯಿಂದ ಬಚ್ಚಲವರೆಗೆ ಮೂಲೆ ಮೂಲೆಗೂ ತೋರಿಸುವರು. ಸೊಳ್ಳೆಯೂ ಸಾಯಲಿ ಎಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚುವರು. ಎಂಟರವರೆಗೆ ಮನೆಯೊಳಗೆ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಹೊಗೆ. ಅದರ ನಡುವೆ ಕೂತು ಹಾಡು ಹೇಳಿಕೊಳ್ಳುವುದು ನನಗೆ ಪರಮ ಸುಖ. ವರಮಹಾಲಕ್ಷ್ಮಿಯ ದಿನ ಒಬ್ಬಟ್ಟು, ಕೋಸಂಬರಿಯನ್ನು ತಟ್ಟೆಯಲ್ಲಿಟ್ಟು, ಕೆಳಗಿನ ಕೋಣೆಗಳಿಗೆಲ್ಲ ಮಧ್ಯಾಹ್ನವೇ ಕಳಿಸಿದೆ.

ಗಣೇಶನ ಹಬ್ಬವೂ ಮುಗಿದು, ಸೆಪ್ಟೆಂಬರ್ ಕೊನೆಯಲ್ಲಿ ಕೋಲಾರದಿಂದ ಫೋನ್ ಬಂತು. ಮಾವನವರ ತಮ್ಮ ತೀರಿಕೊಂಡಿದ್ದರು. ನಮಗೆ ಹತ್ತು ದಿನ ಸೂತಕ. ದೇವರ ಮನೆಯ ಬಾಗಿಲು ಮುಚ್ಚಿತು. ದೀಪವಿಲ್ಲ, ಹೂವಿಲ್ಲ, ಧೂಪವಿಲ್ಲ.

ಮೂರನೆಯ ದಿನ ಮಂಗಳವಾರ. ಮಧ್ಯಾಹ್ನ ಯಾರೋ ನೆಂಟರು ಮಾತಾಡಿಸಲು ಬಂದು ಕೂತದ್ದರಿಂದ ಮೂರರ ಮೋಟರ್ ಮರೆತೇಹೋಯಿತು. ಆರಕ್ಕೆ ನೆನಪಾಗಿ ಸ್ವಿಚ್ ಹಾಕಿ, ತಾರಸಿ ಹತ್ತಿದೆ. ಕೊನೆಯ ಮೆಟ್ಟಿಲಲ್ಲೇ ಉಸಿರು ಕಟ್ಟಿತು. ಫ್ಯಾಕ್ಟರಿಯ ಚಿಮಣಿಯಿಂದ ಹಳದಿ ಬೆರೆತ ಹೊಗೆ ಮಗ್ಗುಲಾಗಿ ಬಿದ್ದುಕೊಂಡು ಬರುತ್ತಿತ್ತು. ಸೀರೆಯ ಪಟ್ಟಿ ನೇರವಾಗಿ ನಮ್ಮ ಹಿತ್ತಲಿನ ಕಡೆಗೆ ಹಾರುತ್ತಿತ್ತು. ಆ ಮಳೆಗಾಲದಲ್ಲೇ ಅಷ್ಟು ಕೆಟ್ಟ ವಾಸನೆ ನಾನು ಬರೆದಿರಲಿಲ್ಲ. ಕೆಳಗಿಳಿದು ಮೊದಲು ಮಾಡಿದ ಕೆಲಸ ಕ್ಯಾಲೆಂಡರ್ ನೋಡಿದ್ದು. ಮಂಗಳವಾರವೇ.

ಶರಣಮ್ಮನ ಕೋಣೆಯ ಬಾಗಿಲು ಹಾಕಿತ್ತು. ತಳ್ಳಿದೆ. ಕಿಟಕಿಯ ಸಂದಿಗೆ ಹಳೇ ಲಂಗ ತುರುಕಿ, ಗೋಡೆಗೊರಗಿ, ಮೂಗಿಗೆ ಒದ್ದೆ ಟವೆಲ್ ಹಿಡಿದುಕೊಂಡು ಕೂತಿದ್ದಳು. ಏಳು ತಿಂಗಳ ಹೊಟ್ಟೆ.

"ವಾಸನೆ ಬರ್ತಿದೆಯಲ್ಲೇ ಶರಣಮ್ಮಾ!"

ಅವಳು ಟವೆಲ್ ಇಳಿಸಿ ನನ್ನ ಮುಖವನ್ನೇ ನೋಡಿದಳು. "ನಿಮಗೂ ಬರ್ಲಿಕ್ಕತ್ತದೇನ್ರಿ?"

"ಬರದೇ ಏನು? ಗಂಟಲು ಸೀಳ್ತಿದೆ."

"ನಾ ಅಂದ್ಕೊಂಡಿದ್ದೆ, ಬಸುರಿ ಮೂಗು, ಇಲ್ಲದ ವಾಸ್ನಿನೂ ಬಡೀತದ ಅಂತ. ಪುಸ್ತಕದಾಗ ಇಲ್ಲ ಅಂದ ಮ್ಯಾಲ ಇಲ್ಲ ಅಂತ."

"ಅಂದ್ರೆ, ಪ್ರತೀ ಮಂಗಳವಾರಾನೂ ಹೀಗೇನಾ?"

"ಮಂಗಳಾರ, ಶುಕ್ರಾರ. ಭಾಳ ಬರ್ತಿತ್ರಿ ಯಕ್ಕಾ."

"ಹೇಳಬಾರದಾಗಿತ್ತೇನೇ ನನಗೆ?"

"ನೀವು ದಿನಾ ಮ್ಯಾಲ ಹತ್ತಿ, ನೋಡಿ, ಬರಕೋತಿದ್ರಿ. ನಾ ಓದು ಬರಾ ಇಲ್ಲದಾಕಿ. ನಿಮ್ಮ ಪುಸ್ತಕದ ಮುಂದ ನಂದೇನು ಮೂಗು?"

ಮುರುಗನ್‌ನ ಆಟೋ ನಿಂತಿತ್ತು. ಅವಳನ್ನು ಕೂರಿಸಿಕೊಂಡು ನಾನೇ ನಾದಿನಿ ಮನೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವಳು ನನ್ನನ್ನೇ ಸಮಾಧಾನ ಮಾಡುತ್ತಿದ್ದಳು.

ಆ ರಾತ್ರಿ ಪದ್ಮಾ ಮಿಸ್ ಕಾಲೇಜಿನಿಂದ ಬಂದವರೇ ಪುಸ್ತಕ ತರಿಸಿ ನೋಡಿದರು. ಕನ್ನಡಕ ಮೇಲೇರಿಸಿ ಕೇಳಿದರು: "ಖಾಲಿ ಬಿಟ್ಟಿದ್ದೀರಲ್ಲ, ಅದು ವಾಸನೆ ಇಲ್ಲ ಅಂತಾನೋ, ನೀವು ನೋಡಿಲ್ಲ ಅಂತಾನೋ?"

ಆ ಎರಡಕ್ಕೂ ವ್ಯತ್ಯಾಸವಿದೆ ಎಂದೇ ನನಗೆ ಹೊಳೆದಿರಲಿಲ್ಲ. ಮಂಗಳವಾರ, ಶುಕ್ರವಾರ ನಾನು ತಾರಸಿಗೆ ಹೋಗಿಯೇ ಇರಲಿಲ್ಲ. ಕಿಟಕಿ ಮುಚ್ಚಿಕೊಂಡು ಸಾಂಬ್ರಾಣಿಯ ಹೊಗೆಯಲ್ಲಿ ಕೂತು, ಘಮ್ಮೆನ್ನುತ್ತಿದೆ ಎಂದುಕೊಂಡು, ಎಂಟು ಗಂಟೆಗೆ ಪುಸ್ತಕ ತೆಗೆದು ಖಾನೆಯನ್ನು ಖಾಲಿ ಬಿಟ್ಟಿದ್ದೆ. ಕಟ್ಟಡದಲ್ಲಿ ಎಲ್ಲರಿಗೂ ವಾಸನೆ ಬರುತ್ತದೆಂದು ಗೊತ್ತಿತ್ತು, ಯಾವ ವಾರ ಎಂದು ಯಾರೂ ನೆನಪಿಟ್ಟಿರಲಿಲ್ಲ. ಬರೆದಿಟ್ಟವಳು ನಾನೊಬ್ಬಳೇ. ಆದ್ದರಿಂದ ನಾನು ಬರೆದದ್ದೇ ನಿಜವಾಗಿಹೋಗಿತ್ತು. ಲಾರಿ ಬಂದ ದಿನವೇ ಹೊಸದಾಗಿ ಬಂದ ಎಣ್ಣೆ ಕಾಯಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಹೊಗೆ ಏಳುತ್ತಿದ್ದುದು ಆ ಎರಡು ದಿನಗಳೇ. ಆರಿಸಿ ಆರಿಸಿ ಆ ಎರಡು ದಿನವೇ ಮನೆಯಲ್ಲಿರು ಎಂದು ನಾನು ಅವಳಿಗೆ ಹೇಳಿದ್ದೆ.

ಎಣಿಸಿದೆ. ಒಂಬತ್ತು ವಾರ. ಹದಿನೆಂಟು ಸಂಜೆ.

ಭಾನುವಾರ ಎಲ್ಲರೂ ಹಿತ್ತಲಲ್ಲಿ ಸೇರಿದರು. ಇನ್ನು ಸುಮ್ಮನಿರಬಾರದು, ಮಾಲಿನ್ಯ ನೋಡಿಕೊಳ್ಳುವ ಕಚೇರಿಗೆ ದೂರು ಕೊಡಬೇಕು, ಜೊತೆಗೆ ಆ ಒಂಬತ್ತು ವಾರದ ಪುಟಗಳ ಜೆರಾಕ್ಸ್ ಇಡಬೇಕು ಎಂದಾಯಿತು. ಮುರುಗನ್ ಪುಸ್ತಕ ತಿರುಗಿಸಿ ನೋಡಿ ತಲೆ ಕೆರೆದುಕೊಂಡ.

"ಅಕ್ಕಾ, ಈ ಮಂಗಳವಾರ ಶುಕ್ರವಾರ ಎಲ್ಲಾ ಖಾಲಿ ಇದೆ. ಸುಮ್ನೆ ಎಲ್ಲದಕ್ಕೂ ಮೂರ್ ಮೂರ್ ಗೆರೆ ಎಳೆದ್ಬಿಡಿ. ಬಂದಿದ್ದಂತೂ ನಿಜ ತಾನೇ? ಯಾರು ಬಂದು ಕೇಳ್ತಾರೆ?"

"ನಾನು ನೋಡಿಲ್ಲ ಮುರುಗಾ."

"ಅಯ್ಯೋ, ನಿಮ್ದೊಳ್ಳೆ ಹರಿಶ್ಚಂದ್ರನ ಕಥೆ ಆಯ್ತಲ್ಲಕ್ಕಾ!"

ಪೆನ್ನು ಕೈಯಲ್ಲೇ ಇತ್ತು. ಎಳೆದುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಎಳೆದರೆ ನನ್ನ ತಪ್ಪೂ ಅದರ ಕೆಳಗೆ ಮುಚ್ಚಿಹೋಗುತ್ತಿತ್ತು. ಆದರೆ ನೋಡದೆ ಖಾಲಿ ಬಿಟ್ಟು ಒಂದು ಸಲ ಕೆಟ್ಟಿದ್ದೆ. ನೋಡದೆ ತುಂಬಿ ಇನ್ನೊಂದು ಸಲ ಕೆಡಲು ಮನಸ್ಸು ಒಪ್ಪಲಿಲ್ಲ. 'ಗೊತ್ತಿಲ್ಲ' ಎಂದು ಬರೆಯಲು ಪೆನ್ನು ಊರಿದೆ. ಆಗ ಮೂಲೆಯಲ್ಲಿ ಕಲ್ಲಿನ ಮೇಲೆ ಕೂತಿದ್ದ ಶರಣಮ್ಮ ಎದ್ದು ಬಂದು, ಪುಸ್ತಕದ ಮೇಲೆ ಬೆರಳಿಟ್ಟಳು.

"ಯಕ್ಕಾ, ಈ ಖಾಲಿ ಜಾಗದಾಗೆಲ್ಲ ನಾ ಕುಂತಿದ್ನೆಲ್ರಿ? ನಾ ಹೇಳ್ತೀನಿ, ನೀವು ಬರೀರಿ."

ಅವಳಿಗೆ ತಾರೀಖು ಗೊತ್ತಿರಲಿಲ್ಲ. ಅವಳ ಗುರುತುಗಳೇ ಬೇರೆ. "ನೀವು ಒಬ್ಬಟ್ಟು ಕಳಿಸಿದ್ರಲ್ಲ, ಆ ಶುಕ್ರಾರ. ಸಂಜಿಗೆ ತಿನ್ನೋಣಂತ ಇಟ್ಟಿದ್ದೆ. ವಾಸ್ನಿ ಬಡದು ಬಾಯಾಗ ಇಡಾಕಾಗ್ಲಿಲ್ಲ. ಮಳ್ಳಿ ಹಂಗ ಅತ್ತುಬಿಟ್ಟೆ. ಮೂರು ಗೆರಿ ಹಾಕ್ರಿ." ನಾನು ಬರೆದೆ. "ಅದರ ಮುಂದಿನ ಮಂಗಳಾರ, ಕರೆಂಟ್ ಹೋಗಿತ್ತು, ಕತ್ಲಾಗ ಕುಂತಿದ್ದೆ. ಎರಡು ಸಾಕು, ಮಳಿ ಬಂದು ತೊಳದುಬಿಡ್ತು." ಅದನ್ನೂ ಬರೆದೆ. "ಕೂಸು ಮೊದಲನೇ ಸಲ ಒದ್ದ ದಿನ. ಖುಷಿ ಆಗಬೇಕಿತ್ತು. ಹೊಗಿ ತಾಳಲಾರದ ಒದೀತೋ ಏನೋ ಅಂತ ಅಂಜಿಕಿ ಬಂತು. ಮೂರು."

ಮುರುಗನ್ ಬೀಡಿ ಆರಿಸಿ ಅತ್ತ ನೋಡುತ್ತಾ ನಿಂತಿದ್ದ.

ಹದಿನೆಂಟರಲ್ಲಿ ಹನ್ನೊಂದು ಸಂಜೆಗಳನ್ನು ಅವಳು ಹೀಗೆ ಒಂದೊಂದಾಗಿ ತೆಗೆದು ಕೊಟ್ಟಳು. ಪ್ರತಿಯೊಂದರ ಪಕ್ಕದಲ್ಲೂ ತನಗೆ ಬರುತ್ತಿದ್ದ ನಾಲ್ಕೇ ಅಕ್ಷರಗಳನ್ನು ಬರೆದಳು: ಶರಣಮ್ಮ. ಉಳಿದ ಏಳಕ್ಕೆ ತಲೆಯಾಡಿಸಿದಳು. "ಇವು ನೆನಪಿಲ್ರಿ. ಸುಳ್ಳ್ಯಾಕ?" ಅವುಗಳಲ್ಲಿ 'ಗೊತ್ತಿಲ್ಲ' ಎಂದು ಬರೆದೆ.

ಸೂತಕ ಕಳೆದ ಮೇಲಿನ ಮೊದಲ ಶುಕ್ರವಾರ ಮನೆಯಲ್ಲಿ ಯುದ್ಧ. ಅತ್ತೆ ಕೆಂಡ ಮಾಡಲು ಇದ್ದಿಲು ತೆಗೆದರೆ ನಾನು ಡಬ್ಬ ಕಸಿದಿಟ್ಟೆ.

"ಧೂಪ ಬೇಡ ಅತ್ತೆ, ಶರಣಮ್ಮನ ಹೆರಿಗೆ ಆಗೋವರೆಗೂ. ನನಗೆ ಆರು ಗಂಟೆಗೆ ಮೂಗು ಬೇಕು. ದೀಪ ಹಚ್ಚಿ ನಾನು ತಾರಸಿಗೆ ಹೋಗ್ತೀನಿ."

"ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ಮಂಗಳವಾರ ಶುಕ್ರವಾರ ಧೂಪ ತಪ್ಪಿಲ್ಲ. ಈಗ ನಿನ್ನ ಮೂಗಿಗೋಸ್ಕರ ದೇವರು ಸುಮ್ನೆ ಕೂತಿರ್ಬೇಕಾ?"

"ಹೂವು ಹಾಕ್ತೀನಿ, ಹಣ್ಣು ಇಡ್ತೀನಿ."

"ಸೊಳ್ಳೆ?"

"ಸೊಳ್ಳೆ ಪರದೆ ತರ್ಸೋಣ."

"ಓಹೋ, ತರ್ಸಮ್ಮಾ. ಲಕ್ಷ್ಮಿಗೂ ಒಂದು ಪರದೆ ಕಟ್ಬಿಡು!"

ನಾಲ್ಕು ದಿನ ಮಾತು ಬಿಟ್ಟರು. ಐದನೆಯ ದಿನ, ಮಂಗಳವಾರ ಸಂಜೆ, ನಾನು ತಾರಸಿಯಲ್ಲಿ ಕೂತಿದ್ದಾಗ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಅತ್ತೆ, ಮಂಡಿ ನೋವಿನ ಅತ್ತೆ, ಗೋಡೆ ಹಿಡಿದುಕೊಂಡು ಹತ್ತಿ ಬಂದರು. ಪಟ್ಟಿ ಎತ್ತ ಹಾರುತ್ತಿದೆ ನೋಡಿದರು. ಗಾಳಿಯನ್ನು ಒಂದು ಸಲ ಎಳೆದುಕೊಂಡು ಕೆಮ್ಮಿದರು. ಕೆಳಗೆ ಶರಣಮ್ಮನ ಬೀಗ ಹಾಕಿದ ಕೋಣೆಯನ್ನು ಬಗ್ಗಿ ನೋಡಿದರು.

"ಮೂರು ಹಾಕು," ಅಂದರು. "ಹಾಳಾದೋರು." ಇಳಿದು ಹೋದರು. ಆಮೇಲೆ ಧೂಪದ ಮಾತೆತ್ತಲಿಲ್ಲ.

ಕಚೇರಿಯಿಂದ ಅಧಿಕಾರಿ ಬಂದದ್ದು ಅಕ್ಟೋಬರಿನ ಒಂದು ಶುಕ್ರವಾರ, ಲಾರಿ ಬಂದ ದಿನ, ಸಂಜೆ ಆರಕ್ಕೆ ಸರಿಯಾಗಿ. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಗಾಳಿ ಎಳೆದುಕೊಳ್ಳುವ ಸಣ್ಣ ಯಂತ್ರವನ್ನು ನಮ್ಮ ತಾರಸಿಯಲ್ಲಿಟ್ಟು, ಇನ್ನಿಬ್ಬರೊಂದಿಗೆ ನೇರ ಫ್ಯಾಕ್ಟರಿಯ ಗೇಟಿಗೆ ಹೋದರು. ಹೊಗೆಯನ್ನು ನೀರಿನಲ್ಲಿ ತೊಳೆದು ಬಿಡುವ ಯಂತ್ರ ಅಲ್ಲಿತ್ತಂತೆ, ಲಾರಿ ಬಂದ ದಿನಗಳಲ್ಲಿ ಬೇಗ ಮುಗಿಯಲೆಂದು ಅದನ್ನು ನಿಲ್ಲಿಸಿ ಒಲೆ ಉರಿಸುತ್ತಿದ್ದರಂತೆ. ಅವರು ಕಾಲಿಟ್ಟಾಗಲೂ ಅದು ನಿಂತೇ ಇತ್ತು.

ತಾರಸಿಯ ಯಂತ್ರ ವಾಪಸ್ಸು ಒಯ್ಯಲು ಬಂದಾಗ ಕಾಫಿ ಕೊಟ್ಟೆ. ಅವರು ಜೆರಾಕ್ಸ್ ಪುಟಗಳನ್ನು ಮಡಿಸುತ್ತಾ ಕೇಳಿದರು: "ಈ ಶರಣಮ್ಮ ಅಂದ್ರೆ ಯಾರಮ್ಮ?"

ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ.

"ನಮಗೆ ಬರೋ ದೂರಿನಲ್ಲೆಲ್ಲ ದಿನಾ ಬರುತ್ತೆ, ದಿನಾ ಬರುತ್ತೆ ಅಂತಾನೇ ಇರುತ್ತಮ್ಮ. ದಿನಾ ಅಂದ್ರೆ ನಾವು ಯಾವತ್ತು ಬರ್ಬೇಕು? ನಿಮ್ಮದರಲ್ಲಿ ಏಳು ಕಡೆ ಗೊತ್ತಿಲ್ಲ ಅಂತಿತ್ತು. ಅದಕ್ಕೇ ಮಿಕ್ಕಿದ್ದನ್ನ ನಂಬಿದೆ."

ಫ್ಯಾಕ್ಟರಿಯ ಒಲೆ ಆ ವಾರವೇ ಆರಿತು. ಒಂದೆರಡು ತಿಂಗಳು ಗೇಟಿಗೆ ಬೀಗವಿತ್ತು. ಆಮೇಲೆ ಡ್ರಮ್ಮು, ಚಿಮಣಿ ಎಲ್ಲವನ್ನೂ ಕಳಚಿ ಲಾರಿಗೆ ಹೇರಿಕೊಂಡು ಹೋದರು. ಊರಾಚೆ ಎಲ್ಲೋ ಹೊಸ ಜಾಗವಂತೆ. ಅಲ್ಲಿ ಯಾರ ಮನೆಯ ಕಿಟಕಿ ಇದೆಯೋ, ಹೊಗೆ ತೊಳೆಯುವ ಯಂತ್ರ ಓಡುತ್ತಿದೆಯೋ ಇಲ್ಲವೋ, ಈಗಲೂ ಒಮ್ಮೊಮ್ಮೆ ಯೋಚನೆ ಬರುತ್ತದೆ.

ಶರಣಮ್ಮನಿಗೆ ಕಾರ್ತಿಕದಲ್ಲಿ, ದಿನ ತುಂಬಲು ಇಪ್ಪತ್ತು ದಿನ ಇರುವಾಗಲೇ ಹೆರಿಗೆಯಾಯಿತು. ಹೆಣ್ಣು. ಎರಡು ಬೊಗಸೆಯಷ್ಟೂ ಇರಲಿಲ್ಲ. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ದಿನಾ ಸಂಜೆ ಗಂಜಿಯ ಫ್ಲಾಸ್ಕ್ ಹಿಡಿದುಕೊಂಡು ಆಸ್ಪತ್ರೆಗೆ ಹೋಗುತ್ತಿದ್ದೆ. ಗಾಜಿನ ಮೂಲಕ ಆ ಪುಟ್ಟ ಎದೆ ಏರಿಳಿಯುವುದನ್ನು ನೋಡುತ್ತಾ ಹದಿನೆಂಟನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ. ತಡೆಯಲಾರದೆ ಒಂದು ದಿನ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ, ಆ ಹೊಗೆಯಿಂದಲೇ ಹೀಗಾಯಿತಾ ಎಂದು.

"ಆಗಿರಬಹುದು, ಇಲ್ಲದೇನೂ ಇರಬಹುದು. ಇದೇ ಅಂತ ಹೇಳಕ್ಕಾಗಲ್ಲಮ್ಮ," ಅಂದರು.

ಅದು ಎಂಟನೆಯ 'ಗೊತ್ತಿಲ್ಲ'. ಅದಕ್ಕೆ ಯಾವ ಪುಸ್ತಕದಲ್ಲೂ ಖಾನೆ ಇರಲಿಲ್ಲ.

ಹತ್ತನೆಯ ದಿನ ಮಗು ಮನೆಗೆ ಬಂತು. ಶುಕ್ರವಾರ. ಆ ಹೊತ್ತಿಗೆ ಮೂಡಣ ಗಾಳಿ ಶುರುವಾಗಿ ಸೀರೆಯ ಪಟ್ಟಿ ಫ್ಯಾಕ್ಟರಿಯ ಕಡೆಗೆ ತಿರುಗಿತ್ತು. ಅಲ್ಲಿ ಒಲೆಯೂ ಉರಿಯುತ್ತಿರಲಿಲ್ಲ. ಬಾಗಿಲಲ್ಲಿ ಆರತಿ ಎತ್ತಿದವರು ಅತ್ತೆಯೇ. ಸಾಂಬ್ರಾಣಿ ಹಾಕಲಿಲ್ಲ. "ಹಸಿ ಕೂಸು, ಯಾವ ಹೊಗೆಯೂ ಬೇಡ" ಅಂದರು. ಇಡೀ ವರ್ಷದಲ್ಲಿ ಅವರು ನನಗೆ ಕೊಟ್ಟ ದೊಡ್ಡ ಸಮಾಧಾನ ಅದು.

ಮೆಟ್ರೊ ಕೆಲಸ ಮುಂದೆ ಸಾಗಿದ ಹಾಗೆ ಭೀಮಣ್ಣನ ಬಿಡಾರವೂ ಕದಲಿತು. ಕೊರೊನಾದಲ್ಲಿ ಊರಿಗೆ ಹೋದವರು ಅಲ್ಲೇ ಉಳಿದರು. ಅತ್ತೆ ತೀರಿಹೋಗಿ ಮೂರು ವರ್ಷವಾಯಿತು. ನಾವು ಈ ಕಡೆಗೆ ಬಂದೆವು. ಮೋಟರ್ ಪುಸ್ತಕ ಮಾತ್ರ ಕಬ್ಬಿಣದ ಪೆಟ್ಟಿಗೆಯಲ್ಲಿ, ರೇಷ್ಮೆ ಸೀರೆಗಳ ಕೆಳಗಿದೆ. ವರ್ಷಕ್ಕೊಮ್ಮೆ ಸೀರೆ ಬಿಸಿಲಿಗೆ ಹಾಕುವಾಗ ತೆಗೆದು ನೋಡುತ್ತೇನೆ. ಹನ್ನೊಂದು ಸಹಿ, ಏಳು ಗೊತ್ತಿಲ್ಲ.

ಶಿವಾಜಿನಗರದಿಂದ ಹೊಸ ಪಾತ್ರೆ ತಂದೆ, ಅಂಗಡಿಯವರು ಬಲವಂತ ಮಾಡಿದ್ದಕ್ಕೆ ಒಂದು ಪೊಟ್ಟಣ ಸಾಂಬ್ರಾಣಿಯನ್ನೂ. ಮಾರನೆಯ ದಿನ ಶುಕ್ರವಾರ. ಸಂಜೆ ಕೆಂಡ ಮಾಡಿಟ್ಟುಕೊಂಡೆ, ಆದರೆ ಕೈ ಮುಂದೆ ಹೋಗಲಿಲ್ಲ. ಶರಣಮ್ಮನಿಗೆ ಫೋನ್ ಮಾಡಿದೆ. ಅತ್ತ ಕಡೆ ಮಗಳು ಯಾರ ಜೊತೆಗೋ ಗಂಟಲು ಹರಿಯುವ ಹಾಗೆ ಜಗಳವಾಡುತ್ತಿದ್ದಳು. ಒಳ್ಳೇ ಉಸಿರು, ಗಟ್ಟಿ ದನಿ.

"ಕೇಳ್ಸ್ತದೇನ್ರಿ ಯಕ್ಕಾ? ಇಡೀ ಓಣಿಗೆ ಕೇಳ್ತದ ಇಕಿ ಬಾಯಿ. ಸಾಲ್ಯಾಗ ಓಟದಾಗ ಫಸ್ಟ್ ಬಂದಾಳ. ಏನ್ ಮಾಡ್ಲಿಕ್ಕತ್ತೀರಿ?"

"ಏನಿಲ್ಲ ಕಣೇ. ಸಾಂಬ್ರಾಣಿ ತಂದಿದ್ದೆ. ಹಾಕ್ಲೋ ಬೇಡ್ವೋ ಅಂತ ಕೂತಿದ್ದೀನಿ."

ಅವತ್ತು ಆಟೋದಲ್ಲಿ ನನ್ನನ್ನು ಸಮಾಧಾನ ಮಾಡಿದ ಅದೇ ದನಿಯಲ್ಲಿ ಅಂದಳು:

"ಹಾಕ್ರಿ ಯಕ್ಕಾ, ದೇವರಿಗೆ ಹಾಕ್ರಿ. ಕಿಟಕಿ ಅಷ್ಟು ತೆರದಿಡ್ರಿ."

ಎದ್ದು ಕಿಟಕಿ ತೆರೆದೆ.